ಥಂಡರ್‌ಬರ್ಡ್‌ನಲ್ಲಿರುವ ಹಳೆಯ ಇ-ಮೇಲ್‌ಗಳನ್ನು ಹೊಸ ಕಂಪ್ಯೂಟರಿಗೆ ತರುವುದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಸಾಗರದ ಹತ್ತಿರದ ಹಳ್ಳಿಯಲ್ಲಿದ್ದೇನೆ. ನನಗೆ ಎರಡು ಇ-ಮೇಲ್ ವಿಳಾಸಗಳಿವೆ. ಒಂದು, 2006ರಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿದಾಗ ಆ ಕಂಪನಿಯೇ ಕೊಟ್ಟದ್ದು. ಇನ್ನೊಂದು ಜಿಮೇಲ್. ಎರಡನ್ನೂ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶದ ಮೂಲಕ ನೋಡುತ್ತೇನೆ. ಅಮೆರಿಕದಲ್ಲಿರುವ ತಂಗಿ ಬರೆದ ಪತ್ರಗಳು, ತೀರಿಕೊಂಡ ಅಣ್ಣ ಕಳುಹಿಸುತ್ತಿದ್ದ ಫೋಟೋಗಳು, ಪಿಂಚಣಿ ಕಾಗದಗಳು ಎಲ್ಲವೂ ಅದರಲ್ಲಿವೆ. ವಿಂಡೋಸ್ 10 ಇರುವ ಈ ಕಂಪ್ಯೂಟರ್ ಬಿಟ್ಟು ಹೊಸದನ್ನು ಕೊಳ್ಳಬೇಕೆಂದಿದ್ದೇನೆ. ಪಕ್ಕದ ಮನೆಯವರು ಹೀಗೆಯೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದಾಗ ಫೋಟೋ, ಡಾಕ್ಯುಮೆಂಟ್ ಎಲ್ಲ ವಾಪಸ್ ಬಂದವು, ಮೇಲ್ ಮಾತ್ರ ಬರಲಿಲ್ಲ. ನನಗೂ ಹಾಗಾದೀತೆಂಬ ಭಯ. ಇನ್ನೊಂದು ವಿಷಯ: ಎರಡು ವಾರದ ಹಿಂದೆ ಮೊಬೈಲಿನಲ್ಲಿ ಜಾಗ ಸಾಲದೆಂದು ಜಿಮೇಲ್‌ನ ಕೆಲವು ಹಳೆಯ ಪತ್ರಗಳನ್ನು ಅಳಿಸಿದೆ. ಕಂಪ್ಯೂಟರಿನಲ್ಲಿ ಇದ್ದೇ ಇರುತ್ತವೆ ಎಂದುಕೊಂಡಿದ್ದೆ. ನೋಡಿದರೆ ಅಲ್ಲಿಯೂ ಇಲ್ಲ. ಅವು ಸಿಗುತ್ತವೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಗಡುವಿದೆ. ಜಿಮೇಲ್‌ನಲ್ಲಿ ಅಳಿಸಿದ ಪತ್ರ ಕಸದ ಬುಟ್ಟಿಯಲ್ಲಿ, ಅಂದರೆ 'ಟ್ರ್ಯಾಶ್' ಅಥವಾ 'ಬಿನ್' ಎಂಬಲ್ಲಿ, 30 ದಿನ ಇರುತ್ತದೆ. ಆಮೇಲೆ ತಾನಾಗಿಯೇ ಹೋಗಿಬಿಡುತ್ತದೆ. ನಿಮಗೆ ಇನ್ನೂ ಸುಮಾರು ಎರಡು ವಾರ ಸಮಯವಿದೆ, ಆದರೂ ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಆ ಕೆಲಸ ಮಾಡಿ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆಯಿರಿ, ಎಡಗಡೆಯ ಪಟ್ಟಿಯಲ್ಲಿ 'ಮೋರ್' ಒತ್ತಿದರೆ ಬುಟ್ಟಿ ಕಾಣುತ್ತದೆ. ಬೇಕಾದ ಪತ್ರಗಳನ್ನು ಆರಿಸಿ ಇನ್‌ಬಾಕ್ಸ್‌ಗೆ ಸರಿಸಿ. ಬುಟ್ಟಿಯನ್ನು ಬರಿದು ಮಾಡುವ ಗುಂಡಿಯ ಹತ್ತಿರ ಮಾತ್ರ ಹೋಗಬೇಡಿ. ಅದು ಮುಗಿಯುವವರೆಗೆ, ಫೋಲ್ಡರ್‌ಗಳನ್ನು 'ಕಾಂಪ್ಯಾಕ್ಟ್' ಮಾಡಲೇ, ಅಂದರೆ ಅಳಿಸಿದ್ದನ್ನು ಫೈಲಿನಿಂದಲೂ ಪೂರ್ತಿ ತೆಗೆದು ಜಾಗ ಉಳಿಸಲೇ, ಎಂದು ಥಂಡರ್‌ಬರ್ಡ್ ಕೇಳಿದರೆ ಬೇಡ ಎನ್ನಿ. ಥಂಡರ್‌ಬರ್ಡ್‌ನಲ್ಲಿ ಅಳಿಸಿದ ಪತ್ರ ಪಟ್ಟಿಯಿಂದ ಮರೆಯಾದರೂ, ಕಾಂಪ್ಯಾಕ್ಟ್ ಆಗುವ ತನಕ ಫೈಲಿನೊಳಗೆ ಉಳಿದುಕೊಂಡಿರುವ ಸಾಧ್ಯತೆ ಇದೆ. ಬುಟ್ಟಿಯಲ್ಲಿ ಸಿಗದಿದ್ದರೆ ಬಲ್ಲವರು ಅಲ್ಲಿಂದ ಹೆಕ್ಕಿ ತೆಗೆಯಬಹುದು.

ಮೊಬೈಲಿನಲ್ಲಿ ಅಳಿಸಿದ್ದು ಕಂಪ್ಯೂಟರಿನಿಂದಲೂ ಹೋಯಿತಲ್ಲ, ಅದರ ಕಾರಣವನ್ನು ನೀವು ತಿಳಿಯಲೇಬೇಕು. ಬ್ಯಾಕಪ್ ಬಗ್ಗೆ ನಾನು ಹೇಳುವುದೆಲ್ಲ ಅದರ ಮೇಲೆಯೇ ನಿಂತಿದೆ. ನಿಮ್ಮ ಎರಡು ವಿಳಾಸಗಳು ಒಂದೇ ಕಿಟಕಿಯಲ್ಲಿ, ಒಂದರ ಕೆಳಗೆ ಒಂದು, ಒಂದೇ ರೀತಿ ಕಾಣುತ್ತವೆ. ಒಳಗಿನ ವ್ಯವಸ್ಥೆ ಮಾತ್ರ ಬೇರೆ ಬೇರೆ. ಬ್ರಾಡ್‌ಬ್ಯಾಂಡ್ ಕಂಪನಿಯ ವಿಳಾಸ, ಆ ಕಾಲದ ರೂಢಿಯಂತೆ, ಬಹುಮಟ್ಟಿಗೆ 'ಪಾಪ್' ಕ್ರಮದಲ್ಲಿದೆ. ಸರ್ವರ್‌ನಲ್ಲಿ, ಅಂದರೆ ಕಂಪನಿಯ ಕಂಪ್ಯೂಟರಿನಲ್ಲಿ, ಬಂದು ಕೂತ ಪತ್ರವನ್ನು ಥಂಡರ್‌ಬರ್ಡ್ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತದೆ. ಸರ್ವರ್‌ನಲ್ಲಿರುವ ಪ್ರತಿ ಕೂಡಲೇ, ಇಲ್ಲವೇ ಸಾಮಾನ್ಯವಾಗಿ 14 ದಿನಗಳ ನಂತರ, ಅಳಿದುಹೋಗುತ್ತದೆ. ಹಾಗಾಗಿ 2006ರಿಂದ ಆ ವಿಳಾಸಕ್ಕೆ ಬಂದ ಪತ್ರಗಳು ಇಡೀ ಜಗತ್ತಿನಲ್ಲಿ ನಿಮ್ಮ ಮೇಜಿನ ಮೇಲಿರುವ ಆ ಒಂದು ಡಿಸ್ಕ್‌ನಲ್ಲಿ ಮಾತ್ರ ಇವೆ. ಕಂಪನಿಗೆ ಫೋನ್ ಮಾಡಿ ಕೇಳಿದರೂ ಕೊಡಲು ಅವರ ಬಳಿ ಏನೂ ಇರುವುದಿಲ್ಲ.

ಜಿಮೇಲ್ 'ಐಮ್ಯಾಪ್' ಕ್ರಮದಲ್ಲಿ ನಡೆಯುತ್ತದೆ. ಅಲ್ಲಿ ಮೂಲ ಇರುವುದು ಗೂಗಲ್‌ನ ಸರ್ವರ್‌ನಲ್ಲಿ. ನಿಮ್ಮ ಕಂಪ್ಯೂಟರ್, ಮೊಬೈಲ್ ಎರಡೂ ಅದಕ್ಕೆ ಹಿಡಿದ ಕನ್ನಡಿಗಳು. ಮೂಲದಲ್ಲಿ ಇಲ್ಲದ್ದು ಕನ್ನಡಿಯಲ್ಲಿ ಉಳಿಯುವುದಿಲ್ಲ. 'ಜಿಮೇಲ್ ಕಂಪ್ಯೂಟರಿನಲ್ಲೂ ಇದೆ, ಆದ್ದರಿಂದ ಬ್ಯಾಕಪ್ ಇದ್ದಹಾಗೆಯೇ' ಎಂದು ನಂಬಿರುವವರು ಬಹಳ ಮಂದಿ ಇದ್ದಾರೆ. ಆ ನಂಬಿಕೆಯನ್ನು ಬಿಟ್ಟುಬಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಡಿಸ್ಕ್ ಕೆಟ್ಟರೆ ಐಮ್ಯಾಪ್ ನಿಮ್ಮನ್ನು ಕಾಯುತ್ತದೆ. ಕೈತಪ್ಪಿ ಅಳಿಸಿದರೆ, ಖಾತೆಯ ಪಾಸ್‌ವರ್ಡ್ ಬೇರೆಯವರ ಪಾಲಾದರೆ, ಖಾತೆಯೇ ಮುಚ್ಚಿಹೋದರೆ ಅದರಿಂದ ಕಾವಲಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತೀರಿಕೊಂಡ ಅಣ್ಣನವರ ಖಾತೆ ಜಿಮೇಲ್ ಆಗಿದ್ದರೆ ಅವರ ಕಡೆಯ ಪ್ರತಿ ಹೀಗೆ ಹೋಗಿರಲೂಬಹುದು. ಅವರ ಪತ್ರಗಳಿಗೆ ನಿಮ್ಮ ಹತ್ತಿರ ಇರುವುದೇ ಕೊನೆಯ ಪ್ರತಿ ಎಂದು ತಿಳಿದು ನಡೆದುಕೊಳ್ಳುವುದು ಒಳ್ಳೆಯದು.

ನಿಮ್ಮ ಯಾವ ವಿಳಾಸ ಯಾವ ಕ್ರಮದಲ್ಲಿದೆ ಎಂದು ಖಚಿತಪಡಿಸಿಕೊಳ್ಳಲು ಥಂಡರ್‌ಬರ್ಡ್‌ನ 'ಅಕೌಂಟ್ ಸೆಟ್ಟಿಂಗ್ಸ್'ನಲ್ಲಿ 'ಸರ್ವರ್ ಸೆಟ್ಟಿಂಗ್ಸ್' ತೆರೆಯಿರಿ. ಮೇಲುಗಡೆ 'ಸರ್ವರ್ ಟೈಪ್' ಎಂಬಲ್ಲಿ ಬರೆದಿರುತ್ತದೆ.

ಇನ್ನು ಪಕ್ಕದ ಮನೆಯವರಿಗೆ ಆದದ್ದು. ರಿಪೇರಿ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡುವ ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಈ ನಾಲ್ಕನ್ನು ನಕಲು ಮಾಡಿಡುವುದು ರೂಢಿ. ಮೇಲ್ ಈ ನಾಲ್ಕರಲ್ಲಿ ಎಲ್ಲಿಯೂ ಇರುವುದಿಲ್ಲ. ಸಿ ಡ್ರೈವ್‌ನಲ್ಲಿ 'ಯೂಸರ್ಸ್', ಅದರೊಳಗೆ ನಿಮ್ಮ ಹೆಸರು, ಅದರೊಳಗೆ 'ಆ್ಯಪ್‌ಡೇಟಾ', 'ರೋಮಿಂಗ್', 'ಥಂಡರ್‌ಬರ್ಡ್', 'ಪ್ರೊಫೈಲ್ಸ್': ಇಷ್ಟು ಒಳಗೆ ಹೋಗಬೇಕು. ಅದರಲ್ಲಿ ಆ್ಯಪ್‌ಡೇಟಾ ಎಂಬುದನ್ನು ವಿಂಡೋಸ್ ಬಚ್ಚಿಟ್ಟಿರುತ್ತದೆ, ಸುಮ್ಮನೆ ನೋಡಿದರೆ ಕಾಣುವುದಿಲ್ಲ. ಅಂಗಡಿಯ ಹುಡುಗ ಸೋಮಾರಿತನ ಮಾಡಿದ ಎನ್ನುವಂತಿಲ್ಲ. 'ಮೇಲ್ ಕಂಪ್ಯೂಟರಿನಲ್ಲೇ ಇದೆ' ಎಂದು ಹೇಳಿದವರಿಲ್ಲ, ಕೇಳಿದವರೂ ಇಲ್ಲ. ಅವರದು ಫಾರ್ಮ್ಯಾಟ್ ಆಗದೆ ಹಳೆಯ ವಿಂಡೋಸ್ ಮೇಲೆಯೇ ಹೊಸದು ಕೂತಿದ್ದರೆ, ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್ ಉಳಿದಿರುತ್ತದೆ, ಹಳೆಯ ಯೂಸರ್ಸ್ ಫೋಲ್ಡರ್ ಅದರೊಳಗೆ ಸಿಗುತ್ತದೆ. ಸಾಮಾನ್ಯವಾಗಿ ಹತ್ತು ದಿನಗಳಲ್ಲಿ ವಿಂಡೋಸ್ ಅದನ್ನೂ ತೆಗೆದುಹಾಕುತ್ತದೆ. ಮೊನ್ನೆಮೊನ್ನೆ ನಡೆದದ್ದಾದರೆ ಅವರಿಗೆ ಇದನ್ನು ತಿಳಿಸಿ.

ನಿಮ್ಮ ಕಂಪ್ಯೂಟರಿನಲ್ಲಿ ಆ ಜಾಗಕ್ಕೆ ಹೋಗಲು ಸುಲಭದ ದಾರಿಯಿದೆ. ಥಂಡರ್‌ಬರ್ಡ್‌ನ 'ಹೆಲ್ಪ್' ಮೆನುವಿನಲ್ಲಿ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಆರಿಸಿ. ಬರುವ ಪುಟದಲ್ಲಿ 'ಪ್ರೊಫೈಲ್ ಫೋಲ್ಡರ್' ಎಂಬುದರ ಎದುರಿಗೆ 'ಓಪನ್ ಫೋಲ್ಡರ್' ಗುಂಡಿ ಇರುತ್ತದೆ, ಒತ್ತಿ. ಮೇಲ್ ಇರುವ ಫೋಲ್ಡರ್ ತೆರೆದುಕೊಳ್ಳುತ್ತದೆ. ಒಳಗೆ 'ಮೇಲ್' ಎಂಬ ಫೋಲ್ಡರಿನಲ್ಲಿ ಪಾಪ್ ಪತ್ರಗಳೂ 'ಲೋಕಲ್ ಫೋಲ್ಡರ್ಸ್' ಎಂಬುದೂ ಇವೆ, 'ಐಮ್ಯಾಪ್‌ಮೇಲ್' ಎಂಬುದರಲ್ಲಿ ಜಿಮೇಲ್‌ನ ಪ್ರತಿ ಇದೆ. ವಿಳಾಸ ಪುಸ್ತಕ, ಪಾಸ್‌ವರ್ಡ್‌ಗಳು, ನೀವು ಬರೆದಿಟ್ಟ ಫಿಲ್ಟರ್‌ಗಳು ಎಲ್ಲ ಇದೇ ಮನೆಯೊಳಗೆ.

'ಮೇಲ್' ಒಳಗೆ ಹೋಗಿ ನೋಡಿ. 'ಇನ್‌ಬಾಕ್ಸ್' ಹೆಸರಿನ ಎರಡು ಫೈಲ್‌ಗಳು ಅಕ್ಕಪಕ್ಕ ಕಾಣುತ್ತವೆ. ಒಂದಕ್ಕೆ ಬಾಲವಿಲ್ಲ, ಇನ್ನೊಂದಕ್ಕೆ 'ಎಂಎಸ್‌ಎಫ್' ಎಂಬ ಬಾಲವಿದೆ. ಬಾಲವಿಲ್ಲದ್ದೇ ನಿಮ್ಮ ಆಸ್ತಿ. ಇನ್‌ಬಾಕ್ಸ್‌ನ ಪತ್ರಗಳೆಲ್ಲ ಅದೊಂದೇ ಫೈಲಿನಲ್ಲಿ ಒಂದರ ಹಿಂದೊಂದು ಸಾಲಾಗಿ ಬರೆದಿರುತ್ತವೆ. ಎಂಎಸ್‌ಎಫ್ ಬರೀ ಸೂಚಿ. ಅದು ಕಳೆದರೂ ಕೆಟ್ಟರೂ ಥಂಡರ್‌ಬರ್ಡ್ ಮತ್ತೆ ಕಟ್ಟಿಕೊಳ್ಳುತ್ತದೆ. ಕುತೂಹಲವಿದ್ದರೆ ಚಿಕ್ಕದೊಂದು ಫೈಲನ್ನು ಬೇರೆಡೆಗೆ ನಕಲು ಮಾಡಿ ಆ ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪ್ರತಿ ಪತ್ರವೂ 'ಫ್ರಮ್' ಎಂಬ ಪದದಿಂದ ಆರಂಭವಾಗುತ್ತದೆ, ಕೆಳಗೆ ಕಳುಹಿಸಿದವರ ವಿಳಾಸ, ದಿನಾಂಕ. ಕನ್ನಡದಲ್ಲಿ ಬರೆದ ಪತ್ರ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಕಲಸುಮೇಲೋಗರದಂತೆ ಕಂಡರೆ ಹೆದರಬೇಡಿ, ಇ-ಮೇಲ್ ಪ್ರಯಾಣ ಮಾಡುವುದೇ ಆ ವೇಷದಲ್ಲಿ. ಫೋಟೋಗಳೂ ಹಾಗೆಯೇ ಅಕ್ಷರಗಳಾಗಿ ಸಾಲುಸಾಲು ಇರುತ್ತವೆ. ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರ ಮಾಡಿ ಬರೆಯುವುದರಿಂದ 15 ಎಂಬಿ ಫೋಟೋ ಇಲ್ಲಿ 20 ಎಂಬಿ ಆಗುತ್ತದೆ. ಅಣ್ಣನವರ ಫೋಟೋಗಳು ಬೇರೆ ಫೋಲ್ಡರಿನಲ್ಲಿಲ್ಲ, ಈ ಫೈಲಿನ ಹೊಟ್ಟೆಯಲ್ಲೇ ಇವೆ.

ಈ ಬರವಣಿಗೆಯ ಕ್ರಮಕ್ಕೆ 'ಎಂಬಾಕ್ಸ್' ಎಂದು ಹೆಸರು. 1970ರ ದಶಕದ ಯೂನಿಕ್ಸ್ ಕಾಲದಿಂದ ಬಂದದ್ದು, ಯಾವ ಕಂಪನಿಯ ಸ್ವತ್ತೂ ಅಲ್ಲ. ಥಂಡರ್‌ಬರ್ಡ್ ನಾಳೆ ನಿಂತುಹೋದರೂ ಈ ಫೈಲನ್ನು ಓದುವ ತಂತ್ರಾಂಶ ಬೇರೆ ಇದ್ದೇ ಇರುತ್ತದೆ. ಪತ್ರಗಳನ್ನೆಲ್ಲ ಪಿಡಿಎಫ್ ಮಾಡಿಟ್ಟುಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಪಿಡಿಎಫ್‌ನಲ್ಲಿ ಲಗತ್ತುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ, ಅದನ್ನು ಮತ್ತೆ ಮೇಲ್ ಆಗಿ ತೆರೆದು ಉತ್ತರಿಸಲೂ ಆಗುವುದಿಲ್ಲ. ಒಂದೆರಡು ಪಿಂಚಣಿ ಆದೇಶಗಳನ್ನು ಹಾಗೆ ಇಟ್ಟುಕೊಂಡರೆ ಸರಿ, ತಂಗಿಯ ಪತ್ರವ್ಯವಹಾರಕ್ಕೆ ಅದು ತಕ್ಕುದಲ್ಲ.

ಈಗ ನಕಲು. ಥಂಡರ್‌ಬರ್ಡ್‌ನಲ್ಲೇ 'ಟೂಲ್ಸ್' ಮೆನುವಿನಡಿ 'ಎಕ್ಸ್‌ಪೋರ್ಟ್' ಇದೆ, ಎಲ್ಲವನ್ನೂ ಒಂದು ಜಿಪ್ ಫೈಲ್ ಮಾಡಿಕೊಡುತ್ತದೆ. ಆದರೆ ಪ್ರೊಫೈಲ್ 2 ಜಿಬಿ ದಾಟಿದರೆ ಅದರಿಂದ ಆಗುವುದಿಲ್ಲ. ಇಷ್ಟು ವರ್ಷಗಳ ಪತ್ರ, ಫೋಟೋ ಇರುವ ನಿಮ್ಮದು ದಾಟಿರುತ್ತದೆ ಎಂದೇ ನನ್ನ ಅಂದಾಜು. ಆದ್ದರಿಂದ ಕೈಯಿಂದಲೇ ನಕಲು ಮಾಡಿ. ಪ್ರೊಫೈಲ್ ಫೋಲ್ಡರ್ ತೆರೆದಿಟ್ಟುಕೊಂಡು, ಮೊದಲು ಥಂಡರ್‌ಬರ್ಡ್ ಅನ್ನು ಪೂರ್ತಿ ಮುಚ್ಚಿ. ಇದನ್ನು ಮರೆಯುವಂತಿಲ್ಲ. ತೆರೆದಿರುವಾಗ ಅದು ಆ ಫೈಲ್‌ಗಳಲ್ಲಿ ಬರೆಯುತ್ತಲೇ ಇರುತ್ತದೆ, ಅರ್ಧ ಬರೆದ ಫೈಲ್ ನಕಲಾದೀತು. ಮುಚ್ಚಿದ ಮೇಲೆ ಒಂದು ಹೆಜ್ಜೆ ಹಿಂದೆ ಬಂದು, 'ಡಿಫಾಲ್ಟ್ ರಿಲೀಸ್' ಎಂದು ಕೊನೆಗೊಳ್ಳುವ ವಿಚಿತ್ರ ಹೆಸರಿನ ಆ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲಿಸಿ. ಒಳಗಿನದರಲ್ಲಿ ಇದು ಬೇಕು, ಅದು ಬೇಡ ಎಂದು ಆರಿಸಲು ಹೋಗಬೇಡಿ. ನಕಲಾದ ಫೋಲ್ಡರಿಗೆ ಆ ದಿನದ ತಾರೀಕನ್ನು ಹೆಸರಾಗಿ ಕೊಡಿ.

ಪೆನ್‌ಡ್ರೈವ್‌ನಲ್ಲಿ ಮಾಡುವವರು ಒಂದು ತೊಡಕನ್ನು ನೆನಪಿಡಿ. ಹಲವು ಪೆನ್‌ಡ್ರೈವ್‌ಗಳು 'ಫ್ಯಾಟ್ 32' ಎಂಬ ಹಳೆಯ ಕ್ರಮದಲ್ಲಿ ಬರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ, ಪೆನ್‌ಡ್ರೈವ್ 64 ಜಿಬಿಯದಾದರೂ ಅಷ್ಟೇ. ಹಳೆಯ ಇನ್‌ಬಾಕ್ಸ್ ಒಂದೇ ಅಷ್ಟು ಬೆಳೆದಿರುವುದುಂಟು. ಎಲ್ಲ ನಕಲಾಗಿ ಅದೊಂದೇ ಉಳಿದು, ಬಂದ ಸೂಚನೆಯನ್ನು ಓದದೆ 'ಸ್ಕಿಪ್' ಒತ್ತಿಬಿಟ್ಟರೆ, ಬೇಕಾದದ್ದೇ ಬಿಟ್ಟುಹೋದಂತೆ. ಡ್ರೈವ್ 'ಎಕ್ಸ್‌ಫ್ಯಾಟ್' ಅಥವಾ 'ಎನ್‌ಟಿಎಫ್‌ಎಸ್' ಕ್ರಮದಲ್ಲಿರಲಿ. ನಕಲು ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ನಲ್ಲಿ ಫೈಲ್‌ಗಳ ಸಂಖ್ಯೆ, ಗಾತ್ರ ಹೋಲಿಸಿ ನೋಡಿ.

ಇಷ್ಟಾದರೆ ಬ್ಯಾಕಪ್ ಆಯಿತೆಂದು ಬಹುತೇಕರು ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ, ಆ ನಕಲಿನಿಂದ ಒಂದು ಹಳೆಯ ಪತ್ರವನ್ನು ತೆರೆದು ಓದುವವರೆಗೆ ಅದು ಬ್ಯಾಕಪ್ ಆಗಿಲ್ಲ. ನಿಮಗೆ ಹೊಸ ಕಂಪ್ಯೂಟರ್ ಬರುತ್ತಿರುವುದು ಒಳ್ಳೆಯ ಅವಕಾಶ, ಹಳೆಯದು ಇನ್ನೂ ಜೀವಂತವಿರುವಾಗಲೇ ಪರೀಕ್ಷೆ ಮಾಡಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಬದಲಾಯಿಸುವ ನಿಮ್ಮ ನಿರ್ಧಾರ ಸರಿಯಾದದ್ದೇ. ಆದರೆ ಹಳೆಯದನ್ನು ಮಾರಲು, ಎಕ್ಸ್‌ಚೇಂಜ್‌ಗೆ ಕೊಡಲು ಆತುರ ಬೇಡ. ಹೊಸದರಲ್ಲಿ ಎಲ್ಲವನ್ನೂ ನೋಡಿ ತೃಪ್ತಿಯಾಗುವವರೆಗೆ ಅದು ಮೂಲೆಯಲ್ಲಿರಲಿ.

ಹೊಸ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಹಾಕಿಸಿ. ಹಳೆಯದರಲ್ಲಿದ್ದ ಆವೃತ್ತಿಯೇ ಆಗಬೇಕು, ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲು ಒಪ್ಪುವುದಿಲ್ಲ. ಮೊದಲ ಸಲ ತೆರೆದಾಗ ಖಾತೆ ಸೇರಿಸಲು ಕೇಳುತ್ತದೆ, ಏನನ್ನೂ ತುಂಬದೆ ರದ್ದುಮಾಡಿ. ಹಾರ್ಡ್ ಡಿಸ್ಕ್‌ನಲ್ಲಿರುವ ತಾರೀಕಿನ ಫೋಲ್ಡರನ್ನು ಹೊಸ ಕಂಪ್ಯೂಟರಿನ ಒಂದು ಸ್ಥಿರ ಜಾಗಕ್ಕೆ ನಕಲಿಸಿ. ಹಾರ್ಡ್ ಡಿಸ್ಕ್‌ನಲ್ಲಿರುವುದನ್ನೇ ನೇರವಾಗಿ ಬಳಸಬೇಡಿ, ಹಾಗೆ ಮಾಡಿದರೆ ನಿಮ್ಮ ಬ್ಯಾಕಪ್ಪೇ ದಿನಬಳಕೆಯ ಪ್ರತಿಯಾಗಿ ಬದಲಾಗುತ್ತಾ ಹೋಗುತ್ತದೆ. ಆಮೇಲೆ ಅದೇ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಪುಟದಲ್ಲಿ 'ಪ್ರೊಫೈಲ್ಸ್' ಎದುರಿಗಿರುವ ಕೊಂಡಿ ಒತ್ತಿ, 'ಕ್ರಿಯೇಟ್ ಎ ನ್ಯೂ ಪ್ರೊಫೈಲ್' ಆರಿಸಿ. ಅದರಲ್ಲಿ 'ಚೂಸ್ ಫೋಲ್ಡರ್' ಒತ್ತಿ, ಈಗಷ್ಟೇ ನಕಲಿಸಿದ ಫೋಲ್ಡರನ್ನು ತೋರಿಸಿ ಮುಗಿಸಿ. ಅದೇ ಪುಟದಲ್ಲಿ 'ರಿಮೂವ್' ಎಂಬ ಗುಂಡಿಯೂ ಇದೆ. ಅದನ್ನು ಒತ್ತಬೇಡಿ, ಪ್ರೊಫೈಲಿನ ಜೊತೆಗೆ ಫೈಲ್‌ಗಳನ್ನೂ ಅಳಿಸಲೇ ಎಂದು ಅದು ಕೇಳುತ್ತದೆ.

ಇಷ್ಟು ಮಾಡಿ ಥಂಡರ್‌ಬರ್ಡ್ ಮುಚ್ಚಿ. ಮತ್ತೆ ತೆರೆಯುವ ಮೊದಲು ಮೋಡೆಮ್‌ನ ಸ್ವಿಚ್ ಆರಿಸಿಬಿಡಿ. ಇದು ಏಕೆಂದರೆ, ಇಂಟರ್ನೆಟ್ ಸಿಕ್ಕ ತಕ್ಷಣ ಥಂಡರ್‌ಬರ್ಡ್ ಜಿಮೇಲ್‌ನ ಸರ್ವರ್ ಜೊತೆ ತಾಳೆ ನೋಡುತ್ತದೆ. ಬ್ಯಾಕಪ್‌ನಲ್ಲಿದ್ದು ಸರ್ವರ್‌ನಲ್ಲಿಲ್ಲದ ಪತ್ರ ಕಂಡರೆ, ಅಳಿಸಿದ್ದೆಂದು ತಿಳಿದು ಇಲ್ಲಿಯೂ ತೆಗೆದುಹಾಕುತ್ತದೆ. ಕಳೆದುಹೋದದ್ದನ್ನು ಮರಳಿ ಪಡೆಯಲೆಂದು ಬ್ಯಾಕಪ್ ತೆರೆದವರು, ಕಣ್ಣೆದುರೇ ಅದು ಮತ್ತೊಮ್ಮೆ ಮಾಯವಾಗುವುದನ್ನು ನೋಡಬೇಕಾಗುತ್ತದೆ. ಇಂಟರ್ನೆಟ್ ಇಲ್ಲದೆ ತೆರೆದು, ಬೇಕಾದ ಜಿಮೇಲ್ ಪತ್ರಗಳನ್ನು ಆರಿಸಿ, ಬಲ ಕ್ಲಿಕ್ ಮಾಡಿ 'ಕಾಪಿ ಟು' ಮೂಲಕ 'ಲೋಕಲ್ ಫೋಲ್ಡರ್ಸ್' ಅಡಿಯಲ್ಲಿ ನೀವು ಮಾಡಿಕೊಂಡ ಫೋಲ್ಡರಿಗೆ ನಕಲಿಸಿ. ಲೋಕಲ್ ಫೋಲ್ಡರ್ಸ್‌ಗೆ ಯಾವ ಸರ್ವರ್‌ನ ಹಂಗೂ ಇಲ್ಲ. ಅಲ್ಲಿಗೆ ಬಂದ ಪತ್ರ ನೀವಾಗಿ ಅಳಿಸುವವರೆಗೆ ನಿಮ್ಮದು. ಆಮೇಲೆ ಮೋಡೆಮ್ ಹಾಕಿ. ತಂಗಿ, ಅಣ್ಣ ಇಬ್ಬರ ಪತ್ರಗಳಿಗೂ ಅಲ್ಲಿ ಒಂದೊಂದು ಫೋಲ್ಡರ್ ಇರಲಿ ಎಂಬುದು ನನ್ನ ಸಲಹೆ.

ಪರೀಕ್ಷೆ ಮಾಡುವಾಗ ಇನ್‌ಬಾಕ್ಸ್‌ನ ಮೇಲಿನ ನಾಲ್ಕು ಪತ್ರ ನೋಡಿ ಬಿಡಬೇಡಿ. ಅತ್ಯಂತ ಹಳೆಯದೊಂದು, ಮಧ್ಯದ ಕಾಲದ್ದೊಂದು, ದೊಡ್ಡ ಫೋಟೋ ಇರುವುದೊಂದು, ನೀವೇ ಕಳುಹಿಸಿದ್ದೊಂದು ತೆರೆಯಿರಿ. ಪಟ್ಟಿಯಲ್ಲಿ ಹೆಸರಿದ್ದು ಒಳಗೆ ಖಾಲಿ ಕಂಡರೆ, ಅಥವಾ ಒಂದು ಪತ್ರ ಒತ್ತಿದರೆ ಇನ್ನೊಂದು ತೆರೆದರೆ, ಗಾಬರಿಯಾಗಬೇಡಿ. ಸಾಮಾನ್ಯವಾಗಿ ಅದು ಸೂಚಿ ಕೆಟ್ಟಿರುವ ಲಕ್ಷಣ. ಕಂಪನಿ ವಿಳಾಸದ ಫೋಲ್ಡರಾದರೆ, ಅದರ ಮೇಲೆ ಬಲ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ನಲ್ಲಿ 'ರಿಪೇರ್ ಫೋಲ್ಡರ್' ಒತ್ತಿದರೆ ಹೊಸ ಸೂಚಿ ಸಿದ್ಧವಾಗುತ್ತದೆ.

ತಂಗಿಯ ಮೊದಲ ವರ್ಷಗಳ ಕನ್ನಡ ಪತ್ರಗಳಲ್ಲಿ ಇನ್ನೊಂದು ಸಮಸ್ಯೆ ಎದುರಾಗಬಹುದು. ಆಗ ಯೂನಿಕೋಡ್ ಕನ್ನಡ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಕ್ರಮ, ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಬರಹ, ನುಡಿ ತಂತ್ರಾಂಶಗಳಲ್ಲಿ ಅವುಗಳದೇ ಫಾಂಟ್ ಬಳಸಿ ಟೈಪ್ ಮಾಡಿ ಕಳುಹಿಸುವವರು ಬಹಳ ಇದ್ದರು. ಆ ಫಾಂಟ್ ನಿಮ್ಮ ಹಳೆಯ ಕಂಪ್ಯೂಟರಿನಲ್ಲಿದೆ, ಹೊಸದರಲ್ಲಿ ಇರುವುದಿಲ್ಲ. ಹಾಗಾಗಿ ಪತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ, ಬ್ಯಾಕಪ್ ಕೆಟ್ಟಿತೆಂದು ಎದೆ ಧಸಕ್ಕೆನ್ನುತ್ತದೆ. ಏನೂ ಕೆಟ್ಟಿರುವುದಿಲ್ಲ. ಹಳೆಯ ಕಂಪ್ಯೂಟರಿನ 'ವಿಂಡೋಸ್' ಫೋಲ್ಡರಿನೊಳಗಿನ 'ಫಾಂಟ್ಸ್'ನಿಂದ ಬರಹ, ನುಡಿಗೆ ಸೇರಿದ ಫಾಂಟ್‌ಗಳನ್ನು ಹುಡುಕಿ ಅದೇ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ, ಹೊಸದರಲ್ಲಿ ಸ್ಥಾಪಿಸಿದರೆ ಅಕ್ಷರಗಳು ಮರಳುತ್ತವೆ. ಮನಸ್ಸಿಗೆ ಹತ್ತಿರವಾದ ಪತ್ರಗಳ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದು ಬೇರೆ ಫೈಲ್ ಮಾಡಿಕೊಳ್ಳಿ, ಮೂಲವನ್ನು ಮಾತ್ರ ಮುಟ್ಟಬೇಡಿ.

ಜಿಮೇಲ್‌ಗೆ ಪ್ರತ್ಯೇಕವಾಗಿ ಗೂಗಲ್‌ನದೇ 'ಟೇಕ್‌ಔಟ್' ಸೇವೆ ಇದೆ. ಎಲ್ಲ ಆಯ್ಕೆಗಳನ್ನು ತೆಗೆದು ಮೇಲ್ ಒಂದನ್ನೇ ಉಳಿಸಿ ಕೇಳಿಕೊಂಡರೆ, ಕೆಲವು ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಡೌನ್‌ಲೋಡ್ ಕೊಂಡಿ ಬರುತ್ತದೆ. ಒಳಗಿರುವುದು ಅದೇ ಎಂಬಾಕ್ಸ್ ಫೈಲ್. ಕೊಂಡಿ ಸುಮಾರು ಒಂದು ವಾರ ಮಾತ್ರ ಇರುತ್ತದೆ, ತಡಮಾಡಬೇಡಿ. ಎರಡು ತಿಂಗಳಿಗೊಮ್ಮೆ ತಾನಾಗಿ ಸಿದ್ಧಪಡಿಸುವಂತೆ ಒಂದು ವರ್ಷದವರೆಗೆ ನಿಗದಿ ಮಾಡಿಡಬಹುದು, ಇಳಿಸಿಕೊಳ್ಳುವ ಕೆಲಸ ಮಾತ್ರ ನಿಮ್ಮದೇ.

ಹಾರ್ಡ್ ಡಿಸ್ಕ್ ಎರಡಿರಲಿ. ನಿಮ್ಮದು ಮಲೆನಾಡು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ವಿದ್ಯುತ್ ತಂತಿ, ಫೋನ್ ತಂತಿ ಎರಡರಿಂದಲೂ ಒಳಗೆ ಬರುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟ ಹಾರ್ಡ್ ಡಿಸ್ಕ್ ಕಂಪ್ಯೂಟರಿನ ಜೊತೆಗೇ ಸುಡಬಹುದು. ನಕಲು ಮುಗಿದ ಕೂಡಲೇ ಬಿಚ್ಚಿ ಬೀರುವಿನಲ್ಲಿಡಿ, ಮಳೆಗಾಲದ ತೇವ ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಎರಡನೆಯದು ಬೇರೆ ಊರಿನ ನಂಬಿಕಸ್ಥರ ಮನೆಯಲ್ಲಿರಲಿ.

ಬೇರೆಯವರ ಮನೆಯಲ್ಲಿಡುವಾಗ ಪ್ರೊಫೈಲ್ ಫೋಲ್ಡರಿನಲ್ಲಿ ನೀವು ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಇವೆ ಎಂಬುದು ನೆನಪಿರಲಿ. ಥಂಡರ್‌ಬರ್ಡ್‌ನಲ್ಲಿ 'ಪ್ರೈಮರಿ ಪಾಸ್‌ವರ್ಡ್' ಹಾಕಿರದಿದ್ದರೆ, ಆ ಫೋಲ್ಡರ್ ಸಿಕ್ಕವರಿಗೆ ಅವೂ ಸಿಕ್ಕಂತೆ. ಸೆಟ್ಟಿಂಗ್ಸ್‌ನ 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ'ಯಲ್ಲಿ ಅದನ್ನು ಹಾಕಿ, ಆಮೇಲೆ ನಕಲು ಮಾಡಿ. ಪತ್ರಗಳೂ ಕಾಣಬಾರದೆಂದರೆ 'ಸೆವೆನ್ ಜಿಪ್' ತಂತ್ರಾಂಶದಿಂದ ಇಡೀ ಫೋಲ್ಡರನ್ನು ಪಾಸ್‌ವರ್ಡ್ ಸಮೇತ ಕಟ್ಟಬಹುದು. ಆ ಪಾಸ್‌ವರ್ಡ್ ಮರೆತರೆ ಬಿಚ್ಚಿಕೊಡುವವರು ಯಾರೂ ಇಲ್ಲ. ಕಾಗದದ ಮೇಲೆ ಬರೆದು ಬ್ಯಾಂಕ್ ಪಾಸ್‌ಬುಕ್ ಇಡುವ ಜಾಗದಲ್ಲಿಡಿ, ಮನೆಯ ಇನ್ನೊಬ್ಬರಿಗೆ ತಿಳಿಸಿ.

ಎಷ್ಟು ದಿನಕ್ಕೊಮ್ಮೆ ನಕಲು ಮಾಡಬೇಕೆಂದು ಕೇಳುವವರಿದ್ದಾರೆ. ಎಷ್ಟು ದಿನದ ಪತ್ರ ಕಳೆದರೆ ನೀವು ಸಹಿಸಬಲ್ಲಿರೋ ಅಷ್ಟು ದಿನಕ್ಕೊಮ್ಮೆ. ನಿಮ್ಮ ಬಳಕೆಗೆ ತಿಂಗಳಿಗೊಮ್ಮೆ ಸಾಕು, ಹಿಂದಿನ ಎರಡು ಮೂರು ತಾರೀಕಿನ ಫೋಲ್ಡರ್‌ಗಳನ್ನು ಅಳಿಸದೆ ಉಳಿಸಿಕೊಳ್ಳಿ. ತಪ್ಪು ನಡೆದದ್ದು ಗೊತ್ತಾಗುವ ಹೊತ್ತಿಗೆ ಹೊಸ ನಕಲಿನಲ್ಲೂ ಆ ತಪ್ಪು ಸೇರಿಹೋಗಿರಬಹುದು.

ಬ್ರಾಡ್‌ಬ್ಯಾಂಡ್ ಕಂಪನಿಯ ವಿಳಾಸದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಸಂಪರ್ಕ ಬಿಟ್ಟ ದಿನ, ಅಥವಾ ಕಂಪನಿ ಮೇಲ್ ಸೇವೆಯನ್ನೇ ನಿಲ್ಲಿಸಿದ ದಿನ, ಆ ವಿಳಾಸಕ್ಕೆ ಬರುವ ಪತ್ರಗಳು ನಿಮ್ಮನ್ನು ತಲುಪುವುದಿಲ್ಲ. ಹಳೆಯ ಪತ್ರಗಳಿಗೆ ಬ್ಯಾಕಪ್ ಇದೆ, ಹೊಸದಾಗಿ ಬರಬೇಕಾದವಕ್ಕೆ ಇಲ್ಲ. ಬ್ಯಾಂಕ್, ಪಿಂಚಣಿ ಕಚೇರಿ, ಆದಾಯ ತೆರಿಗೆಯ ಖಾತೆ, ಗ್ಯಾಸ್ ಸಂಪರ್ಕ ಎಲ್ಲೆಲ್ಲಿ ಆ ವಿಳಾಸ ಕೊಟ್ಟಿದ್ದೀರೋ ಅಲ್ಲೆಲ್ಲ ಈಗಲೇ ಜಿಮೇಲ್ ವಿಳಾಸಕ್ಕೆ ಬದಲಾಯಿಸಿಕೊಳ್ಳಿ. ಯಾವ ಯಾವ ಕಡೆ ಕೊಟ್ಟಿದ್ದೀರೆಂದು ನೆನಪಿಲ್ಲದಿದ್ದರೆ ಥಂಡರ್‌ಬರ್ಡ್‌ನಲ್ಲಿ ಆ ಇನ್‌ಬಾಕ್ಸನ್ನು ಕಳುಹಿಸಿದವರ ಹೆಸರಿನ ಅನುಕ್ರಮದಲ್ಲಿ ಜೋಡಿಸಿ ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಅಲ್ಲಿಯೇ ಪಟ್ಟಿ ಸಿಗುತ್ತದೆ.